ಶಾಲೆ ಶುರುವಾಗೋ ಮುಂಚೆ ಮಕ್ಕಳ ತಪಾಸಣೆ: ಏನು ನೋಡಿಸಬೇಕು, ಮಗುವಿಗೆ ಏನು ಹೇಳಬೇಕು?

ಪ್ರಶ್ನೆ: ನಮ್ಮದು ದಾವಣಗೆರೆ. ಮಗಳಿಗೆ 6 ವರ್ಷ, ಈ ಜೂನ್‌ಗೆ ಖಾಸಗಿ ಶಾಲೆಯಲ್ಲಿ ಒಂದನೇ ತರಗತಿ. ಮಗನಿಗೆ 12, ಅನುದಾನಿತ ಶಾಲೆಯಲ್ಲಿ ಏಳನೇ ತರಗತಿಗೆ ಹೋಗುತ್ತಾನೆ. ಮಗಳ ಶಾಲೆಯವರು ಡಾಕ್ಟರ್ ಸಹಿ ಇರುವ ಆರೋಗ್ಯ ಫಾರಂ ಕೇಳಿದ್ದಾರೆ. ಇವಳಿಗೋ ಆಸ್ಪತ್ರೆ ಬಾಗಿಲು ಕಂಡರೆ ಸಾಕು, ಕಿರುಚಾಟ ಶುರು. ಮಗ "ನನಗೇನಾಗಿದೆ, ನಾನು ಬರಲ್ಲ" ಅಂತಾನೆ. ಇಲ್ಲಿಯ ಒಂದು ಲ್ಯಾಬ್‌ನವರು ಶಾಲಾ ಮಕ್ಕಳ ಪ್ಯಾಕೇಜ್ ಅಂತ ಒಂದು ಉದ್ದನೆಯ ರಕ್ತ ಪರೀಕ್ಷೆ ಪಟ್ಟಿ ಕೊಟ್ಟಿದ್ದಾರೆ. ಮಾಡಿಸಬೇಕಾ? ಮಕ್ಕಳನ್ನು ಹೇಗೆ ತಯಾರು ಮಾಡೋದು?

ಉತ್ತರ: ಪ್ಯಾಕೇಜ್ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. ಚೆನ್ನಾಗಿ ಉಂಡು, ಆಡಿ, ಬೆಳೆಯುತ್ತಿರುವ ಮಗುವಿಗೆ ಥೈರಾಯ್ಡ್, ಲಿವರ್, ಕಿಡ್ನಿ, ವಿಟಮಿನ್ ಡಿ, ಅಲರ್ಜಿ ಅಂತ ಸಾಲಾಗಿ ಪರೀಕ್ಷೆ ಮಾಡಿಸೋದರಿಂದ ಸಿಗೋದು ಹೆಚ್ಚಾಗಿ ಗೊಂದಲವೇ. ಯಾವುದೋ ಒಂದು ಅಂಕಿ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಅದರ ಪಕ್ಕ ಕೆಂಪು ಗುರುತು. ಆಮೇಲೆ ಮನೆಯವರಿಗೆಲ್ಲ ನಿದ್ದೆ ಇಲ್ಲ. ಇನ್ನೊಂದು ಸಲ ಸೂಜಿ ಚುಚ್ಚಿಸಿಕೊಳ್ಳೋದು ಮಗು.

ಒಂದು ಪರೀಕ್ಷೆ ಮಾತ್ರ ಬೇರೆ. ಹಿಮೋಗ್ಲೋಬಿನ್. ನಮ್ಮ ದೇಶದಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ಇತ್ತು. ನಿಮ್ಮ ಮಗಳು ಈಗಷ್ಟೇ ಆ ವಯಸ್ಸು ದಾಟಿದ್ದಾಳೆ. ಬೆರಳ ತುದಿಯ ಒಂದು ಹನಿ ಸಾಕು. 5ರಿಂದ 11 ವರ್ಷದವರಿಗೆ 11.5 ಗ್ರಾಂಗಿಂತ ಕಡಿಮೆ, 12ರಿಂದ 14 ವರ್ಷದವರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಫಾರಂನಲ್ಲಿ ರಕ್ತದ ಗುಂಪು ಕೇಳಿದ್ದರೆ, ಇದುವರೆಗೆ ಮಾಡಿಸಿಲ್ಲದಿದ್ದರೆ, ಅದನ್ನೂ ಅದೇ ಹೊತ್ತಿಗೆ ಮಾಡಿಸಿ. ಇದಕ್ಕೆಲ್ಲ ಖಾಲಿ ಹೊಟ್ಟೆ ಬೇಕಿಲ್ಲ. "ಪರೀಕ್ಷೆಗೆ" ಅಂತ ಮಗುವನ್ನು ಉಪವಾಸ ಕರೆದುಕೊಂಡು ಬರೋ ಪೋಷಕರು ಬಹಳ. ಹಸಿದ ಮಗು ಎರಡು ಪಟ್ಟು ಅಳುತ್ತದೆ. ತಿಂಡಿ ತಿನ್ನಿಸಿಯೇ ಕರೆತನ್ನಿ.

ಈಗ ನಿಮ್ಮ ಮಗಳ ಅಳು. ಆರು ವರ್ಷದ ಮಗುವಿಗೆ ಆಸ್ಪತ್ರೆಯ ಭಯ ಸಾಮಾನ್ಯವಾಗಿ ಎರಡು ಕಡೆಯಿಂದ ಬರುತ್ತದೆ. ಒಂದು, ಹಿಂದೆ ಆದ ನೋವು. ಇನ್ನೊಂದು, ಮನೆಯಲ್ಲಿ ನಾವೇ ಹೇಳೋ ಮಾತು. "ಊಟ ಮಾಡದಿದ್ರೆ ಡಾಕ್ಟರ್ ಹತ್ರ ಇಂಜೆಕ್ಷನ್ ಕೊಡಿಸ್ತೀನಿ ನೋಡು" ಅನ್ನದ ಮನೆ ಯಾವುದಿದೆ ಹೇಳಿ? ಅಜ್ಜಿ ಹೇಳ್ತಾರೆ, ಪಕ್ಕದ ಮನೆ ಆಂಟಿ ಹೇಳ್ತಾರೆ, ಕ್ಲಿನಿಕ್‌ನ ಬೆಂಚಿನ ಮೇಲೆ ಕೂತಾಗಲೂ ಯಾರೋ ಹೇಳ್ತಾರೆ. ವರ್ಷವಿಡೀ ಪೊಲೀಸಪ್ಪನ ಹಾಗೆ ತೋರಿಸಿದ ಡಾಕ್ಟರ್ ಮುಂದೆ ಒಂದು ದಿನ ನಗುತ್ತಾ ಬಾಯಿ ತೆರಿ ಅಂದರೆ ಅವಳು ಯಾಕೆ ತೆರೆಯಬೇಕು? ಈ ಮಾತನ್ನು ಇವತ್ತಿನಿಂದ ಮನೆಯಲ್ಲಿ ಎಲ್ಲರೂ ನಿಲ್ಲಿಸಿ. ತಯಾರಿಯಲ್ಲಿ ಅರ್ಧ ಕೆಲಸ ಇದೇ.

ಉಳಿದ ಅರ್ಧ, ನಿಜ ಹೇಳೋದು. "ಸ್ವಲ್ಪನೂ ನೋವಾಗಲ್ಲ" ಅಂತ ಹೇಳಬೇಡಿ. ನೋವಾದ ಕ್ಷಣಕ್ಕೆ ನಿಮ್ಮ ಮಾತು ಸುಳ್ಳಾಗುತ್ತದೆ, ಮುಂದಿನ ಸಲ ಯಾವ ಮಾತೂ ನಡೆಯಲ್ಲ. "ಅಜ್ಜಿ ಮನೆಗೆ ಹೋಗೋಣ" ಅಂತ ಆಟೋ ಹತ್ತಿಸಿ ಕ್ಲಿನಿಕ್ ಮುಂದೆ ಇಳಿಸೋದು ಇನ್ನೂ ಕೆಟ್ಟದ್ದು. ಹೀಗೆ ಹೇಳಿ ನೋಡಿ: "ನಾಳೆ ಡಾಕ್ಟರ್ ಹತ್ರ ಹೋಗ್ತೀವಿ. ನೀನೆಷ್ಟು ಉದ್ದ ಆಗಿದೀಯ ಅಂತ ಅಳೆಯುತ್ತಾರೆ. ಟಾರ್ಚ್ ಹಾಕಿ ಬಾಯಿ, ಕಿವಿ ನೋಡ್ತಾರೆ. ಒಂದು ಇಂಜೆಕ್ಷನ್ ಇದೆ. ಇರುವೆ ಕಚ್ಚಿದಷ್ಟು ನೋವಾಗುತ್ತೆ, ಬೇಗ ಹೋಗುತ್ತೆ. ಅಮ್ಮ ಪಕ್ಕದಲ್ಲೇ ಇರ್ತೀನಿ." ಇಂಜೆಕ್ಷನ್ ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಡಾಕ್ಟರ್‌ನೇ ಕೇಳೋಣ" ಅನ್ನಿ. ಈ ವಯಸ್ಸಿಗೆ ಹಿಂದಿನ ದಿನ ಹೇಳಿದರೆ ಸಾಕು. ವಾರ ಮುಂಚೆ ಹೇಳಿದರೆ ವಾರವಿಡೀ ಅದೇ ಚಿಂತೆ.

ಮನೆಯಲ್ಲಿ ಒಂದೆರಡು ಸಂಜೆ ಡಾಕ್ಟರ್ ಆಟ ಆಡಿ. ಅವಳು ಡಾಕ್ಟರ್, ನೀವು ಪೇಷಂಟ್. ಮೊಬೈಲ್ ಟಾರ್ಚ್ ಹಾಕಿ ನಿಮ್ಮ ಗಂಟಲು ನೋಡಲಿ. "ಆ" ಅಂತ ಜೋರಾಗಿ ಹೇಳಿ. ಬೊಂಬೆಗೆ ಅವಳೇ ಇಂಜೆಕ್ಷನ್ ಕೊಡಲಿ. ಆಮೇಲೆ ಅದನ್ನು ಸಮಾಧಾನ ಮಾಡಲಿ. ಈ ಆಟ ನೋಡುತ್ತಾ ಕೂತರೆ ಅವಳಿಗೆ ನಿಜವಾಗಿ ಯಾವುದರ ಭಯ ಅಂತ ನಿಮಗೇ ತಿಳಿಯುತ್ತದೆ. ಕೆಲವು ಮಕ್ಕಳಿಗೆ ಸೂಜಿಗಿಂತ ಮಲಗಿಸಿ ಹಿಡಿದುಕೊಳ್ಳೋದೇ ಭಯ.

ಅದಕ್ಕೇ ಇಂಜೆಕ್ಷನ್ ಹೊತ್ತಿಗೆ ನಾಲ್ಕು ಜನ ಸೇರಿ ಮೇಜಿನ ಮೇಲೆ ಒತ್ತಿ ಹಿಡಿಯೋದು ಬೇಡ. ನಿಮ್ಮ ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಅಪ್ಪಿಕೊಳ್ಳಿ. ಯಾವ ತೋಳಿಗೆ ಅಂತ ಅವಳೇ ಆರಿಸಲಿ. ಚುಚ್ಚುವಾಗ ಗಾಳಿ ಜೋರಾಗಿ ಊದಲಿ, ಸೋಪಿನ ಗುಳ್ಳೆಯ ಡಬ್ಬಿ ಇದ್ದರೆ ಇನ್ನೂ ಒಳ್ಳೇದು. ಭಯ ತುಂಬಾ ಇದ್ದರೆ ಚರ್ಮ ಮರಗಟ್ಟಿಸುವ ಕ್ರೀಮ್ ಬರುತ್ತದೆ. ಡಾಕ್ಟರ್‌ನ ಕೇಳಿ ತಗೊಳ್ಳಿ. ಅದನ್ನು ಹಚ್ಚಿ ಸುಮಾರು ಒಂದು ಗಂಟೆ ಬಿಡಬೇಕು. ಕ್ಲಿನಿಕ್‌ಗೆ ಬಂದಮೇಲೆ ಹಚ್ಚಿದರೆ ಕೆಲಸ ಮಾಡಲ್ಲ. ಅತ್ತರೆ ಅಳಲಿ. "ಅಳದಿದ್ರೆ ಐಸ್‌ಕ್ರೀಮ್" ಅನ್ನೋ ಷರತ್ತು ಬೇಡ. ಐಸ್‌ಕ್ರೀಮ್ ಕೊಡಿಸೋದಾದರೆ ಅತ್ತರೂ ಕೊಡಿಸಿ. ಮಗು ಸಮಾಧಾನವಾಗಿ ಇರಬೇಕು ಅನ್ನೋದರಲ್ಲಿ ನಮ್ಮ ಡಾಕ್ಟರ್‌ಗಳ ಸ್ವಾರ್ಥವೂ ಇದೆ. ಅಳುತ್ತಿರುವ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಅಳು ಬಿಟ್ಟು ಬೇರೇನೂ ಕೇಳಲ್ಲ. ಬಿಪಿಯೂ ಸರಿಯಾಗಿ ಸಿಗಲ್ಲ.

ಇನ್ನೊಂದು ಮಾತು ಮುಂಚೆಯೇ ಅವಳಿಗೆ ಹೇಳಿರಿ. ಚಡ್ಡಿ ಒಳಗಿನ ಭಾಗವನ್ನು ಡಾಕ್ಟರ್ ನೋಡಬೇಕಾದರೆ ಅಮ್ಮ ಅಥವಾ ಅಪ್ಪ ಜೊತೆಗಿರಬೇಕು, ಡಾಕ್ಟರ್ ಮೊದಲು ಅವಳನ್ನು ಕೇಳಬೇಕು, ಯಾಕೆ ಅಂತ ಹೇಳಬೇಕು. ಮುಟ್ಟುವ ವಿಷಯದಲ್ಲಿ ಮನೆಯಲ್ಲಿ ಹೇಳಿಕೊಟ್ಟ ನಿಯಮ ಆಸ್ಪತ್ರೆಯಲ್ಲೂ ಅದೇ ಅಂತ ಅವಳಿಗೆ ಗೊತ್ತಿರಲಿ.

ಇನ್ನು ಏನು ನೋಡಿಸಬೇಕು. ನನ್ನನ್ನು ಕೇಳಿದರೆ ಮೊದಲ ಸ್ಥಾನ ಕಣ್ಣಿಗೆ. ಒಂದು ಕಣ್ಣು ಮಂಜಾಗಿರುವ ಮಗು ಸಾಮಾನ್ಯವಾಗಿ ದೂರು ಹೇಳಲ್ಲ. ಇನ್ನೊಂದು ಕಣ್ಣು ಚೆನ್ನಾಗಿರುತ್ತದಲ್ಲ, ಅದರಲ್ಲೇ ಎಲ್ಲ ನಡೆದುಹೋಗುತ್ತದೆ. ಜಗತ್ತು ಹೀಗೇ ಕಾಣೋದು ಅಂದುಕೊಂಡಿರುತ್ತದೆ. ಆದರೆ ಬಳಸದ ಕಣ್ಣಿನ ನೋಟವನ್ನು ಮಿದುಳು ನಿಧಾನಕ್ಕೆ ಲೆಕ್ಕಕ್ಕೆ ತಗೊಳ್ಳೋದೇ ಬಿಡುತ್ತದೆ. ಇದನ್ನೇ ಸೋಮಾರಿ ಕಣ್ಣು ಅನ್ನೋದು. ಏಳೆಂಟು ವರ್ಷದೊಳಗೆ ಸಿಕ್ಕಿದರೆ ಕನ್ನಡಕ ಹಾಕಿ, ಚೆನ್ನಾಗಿರುವ ಕಣ್ಣನ್ನು ದಿನಕ್ಕಿಷ್ಟು ಹೊತ್ತು ಮುಚ್ಚಿ ಸರಿ ಮಾಡಲು ಒಳ್ಳೆಯ ಅವಕಾಶ ಇರುತ್ತದೆ. ತಡವಾದಷ್ಟೂ ಕಷ್ಟ. ನಿಮ್ಮ ಮಗಳಿಗೆ ಆರು. ಅವಳಿಗೆ ಇದು ಸರಿಯಾದ ಸಮಯ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಗೋಡೆಯ ಕ್ಯಾಲೆಂಡರ್ ಮುಂದೆ ದೂರದಲ್ಲಿ ನಿಲ್ಲಿಸಿ. ಅಂಗೈ ಬಟ್ಟಲಿನಂತೆ ಮಾಡಿ, ಒತ್ತದೆ, ಒಂದು ಕಣ್ಣು ಮುಚ್ಚಿ ಅಂಕಿ ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಬೆರಳ ಸಂದಿಯಿಂದ ಇಣುಕುತ್ತಾರೆ, ಹುಷಾರು. ಎರಡು ಕಣ್ಣಿಗೂ ವ್ಯತ್ಯಾಸ ಕಂಡರೆ, ಒಂದು ಕಣ್ಣು ಮುಚ್ಚಿದಾಗ ಮಾತ್ರ ಕಿರಿಕಿರಿ ಮಾಡಿ ಕೈ ತಳ್ಳಿದರೆ, ತಲೆ ಓರೆ ಮಾಡಿ ಟಿವಿ ನೋಡಿದರೆ, ಮೆಳ್ಳೆಗಣ್ಣು ಇದ್ದರೆ ಕಣ್ಣಿನ ಡಾಕ್ಟರ್ ಹತ್ತಿರವೇ ಹೋಗಿ. ಮೆಳ್ಳೆಗಣ್ಣು ಅದೃಷ್ಟ ಅನ್ನೋ ಮಾತನ್ನು ನಂಬಿ ಕೂರಬೇಡಿ. ಏನೂ ಕಾಣದಿದ್ದರೂ ಕ್ಲಿನಿಕ್‌ನಲ್ಲಿ 6 ಮೀಟರ್ ದೂರದ ಚಾರ್ಟ್ ಓದಿಸಿ. ಅಕ್ಷರ ಬಾರದ ಮಕ್ಕಳಿಗೆ ಚಿತ್ರದ ಚಾರ್ಟ್ ಇರುತ್ತದೆ. ಕಣ್ಣಿನ ಡಾಕ್ಟರ್ ಪಾಪೆ ಅಗಲ ಮಾಡುವ ಹನಿ ಹಾಕಬಹುದು. ಕೆಲವು ಹನಿಗಳಿಂದ ಒಂದೆರಡು ದಿನ, ಇನ್ನು ಕೆಲವದರಿಂದ ವಾರಕ್ಕೂ ಜಾಸ್ತಿ ಹತ್ತಿರದ್ದು ಮಂಜಾಗುತ್ತದೆ. ಶಾಲೆಯ ಮೊದಲ ದಿನದ ಹಿಂದಿನ ಸಂಜೆಗೆ ಇದನ್ನು ಇಟ್ಟುಕೊಳ್ಳಬೇಡಿ.

ಹಲ್ಲಿನಲ್ಲಿ ಒಂದೇ ಒಂದು ವಿಷಯ ಗಮನಿಸಿ. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ದವಡೆಯ ಕೊನೆಯಲ್ಲಿ ಹೊಸ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಬರೋದರಿಂದ "ಇದೂ ಹಾಲುಹಲ್ಲೇ, ಹುಳುಕಾದರೆ ಬಿದ್ದು ಹೋಗುತ್ತೆ ಬಿಡಿ" ಅಂದುಕೊಳ್ಳುತ್ತಾರೆ. ಇಲ್ಲ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಅಲ್ಲಿ ಕಪ್ಪು ಗೆರೆ ಕಂಡರೆ ದಂತವೈದ್ಯರಿಗೆ ತೋರಿಸಿ. ಕಿವಿಗೆ ಬಡ್ಸ್ ಹಾಕಿ ತಪಾಸಣೆಗೆ "ಕ್ಲೀನ್" ಮಾಡಿಕೊಂಡು ಬರಬೇಡಿ, ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ. ಕರೆದರೆ ತಿರುಗಲ್ಲ, ಟಿವಿ ಸೌಂಡ್ ಜಾಸ್ತಿ ಮಾಡ್ತಾಳೆ ಅನ್ನೋದಿದ್ದರೆ ಹೇಳಿ. ಪದೇ ಪದೇ ನೆಗಡಿ ಆಗೋ ಮಕ್ಕಳಲ್ಲಿ ಕಿವಿಯೊಳಗೆ ನೀರು ತುಂಬಿ ಮಂದವಾಗಿ ಕೇಳೋದು ಉಂಟು. ಟೀಚರ್ ಅದನ್ನು ಗಮನ ಇಲ್ಲ ಅಂತ ಬರೆದು ಕಳಿಸ್ತಾರೆ.

ಎತ್ತರ, ತೂಕದ ಬಗ್ಗೆ ಪಕ್ಕದ ಮನೆ ಮಗುವಿನ ಜೊತೆ ಹೋಲಿಸಬೇಡಿ. ಹೋದ ವರ್ಷದ ಅದೇ ಮಗುವಿನ ಜೊತೆ ಹೋಲಿಸಿ. ಈ ವಯಸ್ಸಿನಲ್ಲಿ ವರ್ಷಕ್ಕೆ 5–6 ಸೆಂಟಿಮೀಟರ್ ಉದ್ದ ಆಗುತ್ತಾರೆ, 2 ಕೆಜಿಯಷ್ಟು ತೂಕ ಏರುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಹುಟ್ಟುಹಬ್ಬಕ್ಕೊಮ್ಮೆ ಪೆನ್ಸಿಲ್ ಗೆರೆ ಎಳೆದಿದ್ದರೆ ಅದರ ಫೋಟೊ ತನ್ನಿ. ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ವರ್ಷಕ್ಕೆ 4 ಸೆಂಟಿಮೀಟರ್ ಕೂಡ ಬೆಳೆದಿಲ್ಲ ಅಂದರೆ ಕಾರಣ ಹುಡುಕಬೇಕು.

ಈಗ ಲಸಿಕೆ. ತಾಯಿ ಕಾರ್ಡ್ ಹುಡುಕಿ ಇಟ್ಟುಕೊಳ್ಳಿ. ಸುಮಾರು ಮನೆಗಳಲ್ಲಿ ಒಂದೂವರೆ, ಎರಡು ವರ್ಷದ ಬೂಸ್ಟರ್ ಆದಮೇಲೆ ಅದು ಬೀರು ಸೇರಿಬಿಟ್ಟಿರುತ್ತದೆ. ಐದರಿಂದ ಆರು ವರ್ಷದ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಎರಡನೇ ಬೂಸ್ಟರ್ ಮರೆತುಹೋಗೋದು ಹೀಗೇ. ಗಂಟಲಮಾರಿ ಎಲ್ಲೂ ಇಲ್ಲ ಅಂದುಕೊಳ್ಳಬೇಡಿ. ಬೂಸ್ಟರ್ ತಪ್ಪಿದ ಶಾಲಾ ಮಕ್ಕಳಲ್ಲಿ ಈಗಲೂ ಕಾಣುತ್ತದೆ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ಲಸಿಕೆ ದಿನ ಯಾವುದು ಅಂತ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಸಾಮಾನ್ಯವಾಗಿ ಗುರುವಾರ ಇರುತ್ತದೆ. ಏಳು ವರ್ಷ ತುಂಬಿದ ಮೇಲೆ ಡಿಪಿಟಿ ಕೊಡಲ್ಲ, ಬೇರೆ ಲಸಿಕೆ ಕೊಡಬೇಕಾಗುತ್ತದೆ. ಹಾಗಾಗಿ ಮುಂದೂಡಬೇಡಿ.

ಖಾಸಗಿ ಕ್ಲಿನಿಕ್‌ಗಳಲ್ಲಿ ಇದೇ ಲಸಿಕೆಗೆ "ಪೇನ್‌ಲೆಸ್ (ನೋವಿಲ್ಲದ್ದು) ಹಾಕಲಾ?" ಅಂತ ಕೇಳ್ತಾರೆ. ಅದರಲ್ಲೂ ಸೂಜಿ ಸೂಜಿಯೇ. ಚುಚ್ಚೋವಾಗ ನೋವು ಅಷ್ಟೇ ಇರುತ್ತದೆ. ಆಮೇಲೆ ಬರೋ ಜ್ವರ, ತೋಳಿನ ಬಾವು ಕಡಿಮೆ, ಅಷ್ಟೇ ವ್ಯತ್ಯಾಸ. ಸರ್ಕಾರಿ ಲಸಿಕೆ ಯಾವ ರೀತಿಯಲ್ಲೂ ಕಮ್ಮಿ ಅಲ್ಲ. ದುಡ್ಡು ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಎರಡು ಮೂರು ದಿನ ತೋಳು ಊದಿ ನೋಯಬಹುದು. ತಣ್ಣೀರ ಬಟ್ಟೆ ಇಡಿ, ಜ್ವರ ಬಂದರೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಿ. ಜ್ವರ ಬರೋ ಮುಂಚೆಯೇ ಕುಡಿಸೋ ಅಗತ್ಯ ಇಲ್ಲ.

ಭಾರತೀಯ ಮಕ್ಕಳ ತಜ್ಞರ ಸಂಘದ ವೇಳಾಪಟ್ಟಿಯಲ್ಲಿ 4ರಿಂದ 6 ವರ್ಷಕ್ಕೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಲಸಿಕೆ) ಮೂರನೇ ಡೋಸ್ ಇದೆ. ಚಿಕನ್ ಪಾಕ್ಸ್, ಅಂದರೆ ನಮ್ಮಲ್ಲಿ "ಅಮ್ಮ" ಅನ್ನೋದು, ಅದಕ್ಕೂ ಎರಡು ಡೋಸ್ ಇದೆ. ಇವೆರಡೂ ಬಾಕಿ ಇದ್ದರೆ ಒಂದೇ ದಿನ ಹಾಕಿಸಬಹುದು. ಒಂದೇ ದಿನ ಆಗದಿದ್ದರೆ ನಡುವೆ ನಾಲ್ಕು ವಾರ ಬಿಡಬೇಕು. ಮೇ ಕೊನೆಯ ವಾರದಲ್ಲಿ ಎದ್ದು ಓಡಿದರೆ ಈ ಲೆಕ್ಕ ಕೂಡಿಬರಲ್ಲ, ಏಪ್ರಿಲ್‌ನಲ್ಲೇ ಒಂದು ಸಲ ಕಾರ್ಡ್ ತೋರಿಸಿ ಅನ್ನೋದು ಇದಕ್ಕೇ. ಮಗನಿಗೆ 10 ವರ್ಷದ ಟಿಡಿ (ಧನುರ್ವಾಯು, ಗಂಟಲಮಾರಿ ಲಸಿಕೆ) ಆಗಿದೆಯಾ ನೋಡಿ. ಮುಂದಿನದು 16ಕ್ಕೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿರುವ ಓದುಗರು ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಬಗ್ಗೆ ಇದೇ ಭೇಟಿಯಲ್ಲಿ ಕೇಳಿ. ಆ ವಯಸ್ಸಿನಲ್ಲಿ ಎರಡು ಡೋಸ್ ಸಾಕಾಗುತ್ತದೆ.

ಒಂದು ವಿಷಯ ಯಾವ ಫಾರಂನಲ್ಲೂ ಇರಲ್ಲ. ಶಾಲೆಯ ಶೌಚಾಲಯ. ಬೆಳಿಗ್ಗೆ ಎಂಟಕ್ಕೆ ಹೋದ ಮಗು ಸಂಜೆ ನಾಲ್ಕಕ್ಕೆ ಬಂದವಳೇ ಬ್ಯಾಗ್ ಬಿಸಾಕಿ ಬಚ್ಚಲಿಗೆ ಓಡುತ್ತಾಳೆ ಅಂದರೆ ಇಡೀ ದಿನ ಕಟ್ಟಿಕೊಂಡಿದ್ದಾಳೆ ಅಂತಲೇ ಅರ್ಥ. ಹೋಗಬೇಕಾಗುತ್ತೆ ಅಂತ ನೀರನ್ನೂ ಕುಡಿಯಲ್ಲ, ಬಾಟಲಿ ತುಂಬಿದ ಹಾಗೇ ವಾಪಸ್ ಬರುತ್ತದೆ. ಮೂತ್ರದ ಸೋಂಕು, ಮಲಬದ್ಧತೆ, ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು ಅಂತ ಬರೋ ಮಕ್ಕಳಲ್ಲಿ ನಾನು ಮೊದಲು ಕೇಳೋದು ಇದನ್ನೇ. ಹೊಸ ಶಾಲೆ ಅಲ್ವಾ, ಶುರುವಾಗೋ ಮುಂಚೆ ಒಂದು ಸಲ ಕರೆದುಕೊಂಡು ಹೋಗಿ ಶೌಚಾಲಯ ಎಲ್ಲಿದೆ ತೋರಿಸಿ. ಟೀಚರ್‌ನ ಹೇಗೆ ಕೇಳಬೇಕು ಅಂತ ಹೇಳಿಕೊಡಿ. ತಾನೇ ತೊಳೆದುಕೊಳ್ಳೋದನ್ನು ರಜೆಯಲ್ಲೇ ಕಲಿಸಿ.

ಮಗನ ವಿಷಯ ಬೇರೆ. ಹನ್ನೆರಡರ ಹುಡುಗ "ಬರಲ್ಲ" ಅನ್ನೋದರ ಹಿಂದೆ ಸೂಜಿಯ ಭಯಕ್ಕಿಂತ ನಾಚಿಕೆ ಜಾಸ್ತಿ ಇರುತ್ತದೆ. ಅಮ್ಮ, ತಂಗಿಯ ಎದುರು ಶರ್ಟ್ ಬಿಚ್ಚೋದು ಅವನಿಗೆ ಬೇಡ. ಈ ವಯಸ್ಸಿನ ಹುಡುಗರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊಲೆತೊಟ್ಟಿನ ಕೆಳಗೆ ಸಣ್ಣ ಗಂಟಿನ ಹಾಗೆ ಊದುತ್ತದೆ. ಪ್ರಾಯ ಬರುವಾಗಿನ ಹಾರ್ಮೋನ್ ಏರಿಳಿತ ಅದು. ಬಹುತೇಕ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಆದರೆ ಹುಡುಗನಿಗೆ ಇದನ್ನು ಹೇಳಿದವರು ಯಾರು? ತನಗೊಬ್ಬನಿಗೇ ಏನೋ ಆಗಿದೆ ಅಂತ ಒಳಗೊಳಗೇ ಹೆದರಿರುತ್ತಾನೆ. ಅದಕ್ಕೇ ಅವನನ್ನು ತಂಗಿಯ ಜೊತೆ ಒಂದೇ ದಿನ ಕರೆತರಬೇಡಿ. ಸಾಧ್ಯವಾದರೆ ಅಪ್ಪನ ಜೊತೆ ಕಳಿಸಿ. ಡಾಕ್ಟರ್ ಜೊತೆ ಐದು ನಿಮಿಷ ಒಬ್ಬನೇ ಮಾತಾಡಲಿ, ನೀವು ಹೊರಗೆ ಕೂತಿರಿ. ಆಮೇಲೆ "ಏನು ಕೇಳಿದೆ?" ಅಂತ ದಾರಿಯುದ್ದಕ್ಕೂ ವಿಚಾರಣೆ ಮಾಡಬೇಡಿ.

ಅವನ ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗಿದೆಯಾ ನೋಡಿ. ಕೊಳೆ ಅಂತ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡು ಬಂದವರಿದ್ದಾರೆ. ತೂಕ ಜಾಸ್ತಿ ಇರುವ ಮಕ್ಕಳಲ್ಲಿ ದೇಹ ಇನ್ಸುಲಿನ್ ಮಾತು ಸರಿಯಾಗಿ ಕೇಳುತ್ತಿಲ್ಲ ಅನ್ನೋ ಸೂಚನೆ ಅದು. ಅಂಥ ಹುಡುಗನಿಗೆ ಸಕ್ಕರೆ ಪರೀಕ್ಷೆ, ಬಿಪಿ ಬೇಕು. ನೋಡಿ, ರಕ್ತ ಪರೀಕ್ಷೆ ಬೇಡ ಅಂತ ನಾನು ಹೇಳಿಲ್ಲ. ಕಾರಣ ಇದ್ದರೆ ಮಾಡಿಸಿ ಅಂತಷ್ಟೇ.

ಅನುದಾನಿತ ಶಾಲೆ ಅಂದಿರಿ. ಹಾಗಿದ್ದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಅಲ್ಲಿಗೆ ಬರಬೇಕು. 2013ರಲ್ಲಿ ಶುರುವಾದ ಯೋಜನೆ ಇದು. ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ. ತಂಡದಲ್ಲಿ ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಇರುತ್ತಾರೆ. ಆ ಹೊತ್ತಿಗೆ ನೀವು ಅಲ್ಲಿರಲ್ಲ, ಮಗ ಬಾಯಿ ಬಿಡಲ್ಲ. ಆದ್ದರಿಂದ ಹಳೆಯ ಕಾಯಿಲೆ, ತಗೊಳ್ಳೋ ಮಾತ್ರೆ, ಅಲರ್ಜಿ ಇದ್ದರೆ ಒಂದು ಚೀಟಿಯಲ್ಲಿ ಬರೆದು ಕ್ಲಾಸ್ ಟೀಚರ್ ಹತ್ತಿರ ಕೊಟ್ಟಿರಿ. ತಂಡದವರು ಜಿಲ್ಲಾಸ್ಪತ್ರೆಗೆ ಹೋಗಿ ಅಂತ ಚೀಟಿ ಕೊಟ್ಟರೆ ಬಿಸಾಕಬೇಡಿ. ಅಲ್ಲಿಂದ ಮುಂದಿನ ಚಿಕಿತ್ಸೆ, ಬೇಕಾದರೆ ಆಪರೇಷನ್ ಕೂಡ, ಯೋಜನೆಯಡಿ ಉಚಿತವಾಗಿ ಆಗುತ್ತದೆ. ಜಂತುಹುಳುವಿನ ಮಾತ್ರೆ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಶಾಲೆಯಲ್ಲೇ ಕೊಡುತ್ತಾರೆ. ಅಗಿದು ನುಂಗಬೇಕು ಅಂತ ಇಬ್ಬರಿಗೂ ಹೇಳಿರಿ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಊಟ ಆದಮೇಲೆ ತಗೊಳ್ಳಲಿ. ಅದರ ಹಿಂದೆಯೇ ಟೀ, ಹಾಲು ಬೇಡ. ಮಲ ಕಪ್ಪಾದರೆ ಗಾಬರಿ ಬೇಡ.

ತಪಾಸಣೆಗೆ ಬರುವಾಗ ತಾಯಿ ಕಾರ್ಡ್, ಹಳೆಯ ಚೀಟಿಗಳು, ಈಗ ತಗೊಳ್ಳುತ್ತಿರುವ ಮಾತ್ರೆಯ ಪಟ್ಟಿ, ಕನ್ನಡಕ ಇವಿಷ್ಟು ತನ್ನಿ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯೋದು, ಕೆಮ್ಮಿನ ಜೊತೆ ಸುಯ್ ಅನ್ನೋ ಶಬ್ದ, ಮಾತಿನ ಮಧ್ಯೆ ಸುಮ್ನೆ ಎತ್ತಲೋ ನೋಡುತ್ತಾ ನಿಂತುಬಿಡೋದು, ಇಂಥದ್ದು ಇದ್ದರೆ ಮೊಬೈಲಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ನೀವು ಹತ್ತು ನಿಮಿಷ ವಿವರಿಸೋದನ್ನು ಅರ್ಧ ನಿಮಿಷದ ವಿಡಿಯೊ ತೋರಿಸುತ್ತದೆ.

ಕೊನೆಗೆ ಆ ಫಾರಂ. ಮಗುವನ್ನು ನೋಡದೆ ಬರೀ ಸಹಿ ಹಾಕಿಕೊಡಿ ಅಂತ ಕೇಳಬೇಡಿ. ಫಾರಂನ ಮೇಲಿನ ಭಾಗವನ್ನು ಮನೆಯಲ್ಲೇ ತುಂಬಿಸಿ ತನ್ನಿ. ಉಬ್ಬಸ, ಫಿಟ್ಸ್, ಆಹಾರದ ಅಲರ್ಜಿ ಇದ್ದರೆ "ಸೀಟು ಕೊಡಲ್ಲವೇನೋ" ಅಂತ ಮುಚ್ಚಿಡಬೇಡಿ. ಶಾಲೆಯಲ್ಲಿ ಉಸಿರು ಕಟ್ಟಿದ ದಿನ ಟೀಚರ್‌ಗೆ ಗೊತ್ತಿರಬೇಕಾದದ್ದು ಇದೇ. ಉಬ್ಬಸದ ಮಕ್ಕಳಿಗೆ ಇನ್‌ಹೇಲರ್ ಎಷ್ಟು ಸಲ, ಹೇಗೆ ಅಂತ ಡಾಕ್ಟರ್ ಹತ್ತಿರ ಒಂದು ಹಾಳೆಯಲ್ಲಿ ಬರೆಸಿ, ಒಂದು ಇನ್‌ಹೇಲರನ್ನು ಹೆಸರು ಬರೆದು ಶಾಲೆಯಲ್ಲೇ ಇಡಿ. ಜೂನ್‌ನಲ್ಲಿ ಶಾಲೆ ಮತ್ತು ಮಳೆ ಎರಡೂ ಒಟ್ಟಿಗೇ ಶುರುವಾಗುತ್ತವೆ, ಉಬ್ಬಸ ಕೆರಳೋದೂ ಆಗಲೇ. ಸಹಿ ಆದಮೇಲೆ ಫಾರಂ ಮತ್ತು ತಾಯಿ ಕಾರ್ಡಿನ ಎಲ್ಲ ಪುಟಗಳ ಫೋಟೊ ತೆಗೆದು ನಿಮ್ಮಿಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಮೂಲ ಕಾರ್ಡನ್ನು ಶಾಲೆಗೆ ಕೊಡಬೇಡಿ, ಜೆರಾಕ್ಸ್ ಸಾಕು.